ಇಬ್ಬರು ಬಂದರು, ಒಬ್ಬರು ಹೋದರು

ಬಟ್ಟೆಯ ಸೀಳಿನಲ್ಲಿ ಒಂದು ಗೆರೆಯಷ್ಟು ಬೆಳಕು, ಅದರೊಳಗೆ ಇಟ್ಟಿಗೆಯ ಕೆಂಪು ಧೂಳು ಏಳುತ್ತದೆ, ಇಳಿಯುತ್ತದೆ, ಅವರ ಮೊಣಕಾಲು ಉಜ್ಜಿ ಉಜ್ಜಿ ನುಣುಪಾದ ಕಡೆಗೇ ನನ್ನ ಮೊಣಕಾಲೂ ತಾಗುತ್ತಿದೆ, ಎಷ್ಟು ಚಿಕ್ಕದು ಮರೆಯಲ್ಲಿ ಕೂತು ಚಿತ್ರ ತೆಗೆಯುವ ಈ ಡೇರೆ, ಇದರೊಳಗೆ ಅವರು ಇಷ್ಟು ವರ್ಷ ಹೇಗೆ ಕೂತರು, ಹೊರಗಿನಿಂದ ನೋಡಿದವಳಿಗೆ ಒಳಗಿನ ಇಕ್ಕಟ್ಟು ಗೊತ್ತಾಗಲಿಲ್ಲ — ಮಗಳು ನನ್ನ ಪಕ್ಕದಲ್ಲಿ ಮುದುಡಿ ಕೂತು ಗೊಣಗುತ್ತಿದ್ದಾಳೆ, ಇದೇನಮ್ಮ, ಮಂಡಿ ಬಗ್ಗಲ್ಲ ಅಂತೀಯ, ಈಗ ಅಪ್ಪನ ಹುಚ್ಚು ನಿನಗೂ ಹಿಡೀತಾ, ಹಿಡಿದರೆ ಹಿಡಿಯಲಿ ಗುಬ್ಬಿ, ಅವರು ಬಿಟ್ಟುಹೋದದ್ದರಲ್ಲಿ ನನಗೂ ಒಂದು ಪಾಲು ಬೇಡವೇ, ನೀನು ಎದ್ದು ಗೋಡೆಯ ತಿರುವಿನ ತನಕ ನಡಿ, ತಿರುಗಿ ನೋಡಬೇಡ, ನಾನು ಕೂಗಿದರೆ ಮಾತ್ರ ತಿರುಗು. ನೀನ್ಯಾಕೆ ಕೂಗ್ತೀಯ? ಮಂಡಿ ಹಿಡಕೊಂಡರೆ ಕೂಗಬೇಡವೇನೇ. ಸರಿ ಮಹಾರಾಯ್ತಿ, ಜೋರಾಗಿ ಕೂಗು, ಸಂಕೋಚಪಡಬೇಡ. ಬಗ್ಗಿ ಹೊರಗೆ ಹೋದಳು, ಬಾಗಿಲ ಬಟ್ಟೆ ಇನ್ನೂ ಅಲುಗುತ್ತಿದೆ, ಎದುರಿಗೆ ಹಾಳುಬಿದ್ದ ಇಟ್ಟಿಗೆಗೂಡು, ಬೆಂಕಿ ಹಾಕುತ್ತಿದ್ದ ಕಂಡಿಗಳೆಲ್ಲ ಹಲ್ಲುದುರಿದ ಬಾಯಿಯ ಹಾಗೆ ತೆರೆದುಕೊಂಡಿವೆ, ಎಡಗಡೆಯ ಕಂಡಿಯೊಳಗೆ ನರಿ ಮರಿ ಹಾಕಿದೆ ಎಂದು ಕಂಡುಹಿಡಿದು ಬಂದ ದಿನ ಅವರು ಊಟವನ್ನೇ ಮರೆತಿದ್ದರು, ಎರಡು ಕಿವಿ ಕಣೇ, ಬರೀ ಎರಡು ಕಿವಿ ಕಂಡವು, ನಾಳೆ ಮೂಗೂ ತೋರಿಸುತ್ತೆ. ಆ ನಾಳೆಯೇ ಅವರು ಇಲ್ಲಿ, ನಾನೀಗ ಕೂತಿರುವ ಈ ಮಣೆಯ ಮೇಲೆ, ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಹೋಗಿಬಿಟ್ಟರು. ಸಂಜೆ ಕರೆದುಕೊಂಡು ಹೋಗಲು ಬಂದವಳು ನಾನು, ಬಟ್ಟೆ ಸರಿಸಿ, ಏಳಿ, ಕತ್ತಲಾಯಿತು ಎಂದೆ, ಎರಡು ಸಲ ಎಂದೆ. ಬೇಗ ಹೋಗಿದ್ದಾರೆ, ಅವರಿಗೆ ತಿಳಿದೂ ಇಲ್ಲ ಎಂದರು ಡಾಕ್ಟರು, ಡಾಕ್ಟರು ಎಲ್ಲ ಹೆಂಡಂದಿರಿಗೂ ಅದನ್ನೇ ಹೇಳುತ್ತಾರೆ, ಒಳ್ಳೆಯ ಮನುಷ್ಯ, ನನ್ನ ಮುಖ ನೋಡಿ ಹೇಳಲಿಲ್ಲ.

ಪ್ರಾಣಿಗೆ ಲೆಕ್ಕ ಬರುವುದಿಲ್ಲ ಎನ್ನುತ್ತಿದ್ದರು, ಮದುವೆಯಾದ ಹೊಸತರಲ್ಲೇ ಕಲಿಸಿದ ಪಾಠ ಅದು, ಇಬ್ಬರು ಡೇರೆಯೊಳಗೆ ಹೋಗಬೇಕು, ಒಬ್ಬರು ಹೊರಗೆ ಬಂದು ಕೈ ಬೀಸಿಕೊಂಡು ಕಾಣುವ ಹಾಗೆ ನಡೆದು ಹೋಗಬೇಕು, ಬಂದವರು ಹೋದರು ಎಂದು ನಂಬಿ ಅದು ಮುಖ ಹೊರಗೆ ಹಾಕುತ್ತದೆ, ಆದರೆ ಹೋಗುವವರು ತಿರುಗಿ ನೋಡಬಾರದು, ತಿರುಗಿದರೆ ಅದಕ್ಕೆ ಅನುಮಾನ, ಇವಳು ಏನು ಮರೆತು ಹೋಗುತ್ತಿದ್ದಾಳೆ ಎಂದು. ಹಾಗೆ ನಡೆದು ಹೋಗುವುದೇ ನನ್ನ ಕೆಲಸ, ಅವರಿಗೆ ಕನ್ನಡಕದ ಅಂಗಡಿ, ರಜೆ ಬಂದರೆ ಈ ಡೇರೆ, ನನಗೆ ಅಡುಗೆಮನೆ, ಪ್ರಾರ್ಥನೆ, ರಜೆ ಬಂದರೆ ಈ ನಡಿಗೆ. ಪಕ್ಕದ ಮನೆಯಾಕೆ ಅವರಿಗೊಂದು ಅಡ್ಡಹೆಸರಿಟ್ಟು ನಗುತ್ತಿದ್ದಳು, ಇಣುಕುರಾಯರನ್ನ ಇವರು ಬೆಕ್ಕಿನ ಹಾಗೆ ಊರಾಚೆ ಬಿಟ್ಟು ಬರ್ತಾರೆ, ಅದು ಮತ್ತೆ ದಾರಿ ಹುಡುಕಿಕೊಂಡು ಮನೆಗೇ ಬರುತ್ತೆ. ನಾನೂ ನಗುತ್ತಿದ್ದೆ. ಚರಂಡಿಯ ಕೊಳವೆಯಿಂದ ತಲೆ ಹಾಕಿದ ಅಳಿಲು, ಒಣಹಾಕಿದ ಬಟ್ಟೆಗಳ ನಡುವೆ ಒಂದೇ ಕಣ್ಣು ತೋರಿಸಿದ ಹುಡುಗಿ, ಅರ್ಧ ಪರದೆಯ ಹಿಂದಿನಿಂದ ಬೀದಿ ನೋಡುವ ಕ್ಷೌರಿಕ, ಒಡೆದ ಗೋಡೆಯ ತೂತಿನಲ್ಲಿ ಸಿಕ್ಕಿಕೊಂಡ ಬೆಟ್ಟದ ತುದಿ, ಮನೆಯ ಗೋಡೆಯ ತುಂಬ ಇಂಥವೇ, ಯಾವುದೂ ಪೂರ್ತಿ ಇಲ್ಲ, ಪೂರ್ತಿ ಕಂಡದ್ದನ್ನು ಊರೆಲ್ಲ ನೋಡುತ್ತೆ ಕಣೇ, ಅರ್ಧ ಕಂಡದ್ದು ನಮಗೊಬ್ಬರಿಗೇ. ತಿಂಡಿ ಎಸೆದು ಕರೆಯಲಿಲ್ಲ, ಕಲ್ಲು ಎಸೆದು ಹೊರಡಿಸಲಿಲ್ಲ, ಅದು ತಾನಾಗಿ ಎಷ್ಟು ತೋರಿಸುತ್ತೋ ಅಷ್ಟೇ ನಮ್ಮದು. ನಾನು ದೇವರ ಮುಂದೆ ಕೂತಾಗ ಬಾಗಿಲಲ್ಲಿ ನಿಂತು ಕೆಣಕುತ್ತಿದ್ದರು, ನಿನ್ನ ದೇವರೂ ನನ್ನ ಹಾಗೇ, ಮರೆಯಲ್ಲಿ ಕೂತು ನೋಡ್ತಾನೆ, ನನಗೆ ಕೆಮ್ಮಾದರೂ ಬರುತ್ತೆ, ಅವನಿಗೆ ಅದೂ ಇಲ್ಲ. ಬಿಡ್ತು ಅನ್ನಿ ಎನ್ನುತ್ತಿದ್ದೆ. ಒಂದು ನನ್ನದೂ ತೆಗೆಯಿರಿ ಎಂದು ಕೇಳಿದ್ದೆ, ವಯಸ್ಸಿದ್ದಾಗ, ನೀನೇನು ಬಚ್ಚಿಟ್ಟುಕೊಂಡಿದ್ದೀಯ, ಬೆಳಗಿನಿಂದ ರಾತ್ರಿ ತನಕ ಎದುರಿಗೇ ಇರ್ತೀಯಲ್ಲ, ಹೋಗಿ ಬಚ್ಚಿಟ್ಟುಕೋ, ತೆಗೀತೀನಿ, ನಾನು ನಿಜವಾಗಿಯೂ ಅಡುಗೆಮನೆ ಬಾಗಿಲ ಹಿಂದೆ ನಿಂತೆ, ಅವರು ಹೊಟ್ಟೆ ಹಿಡಿದು ನಕ್ಕರು, ನೀನು ಹಿಡಿಸೋ ಅಷ್ಟು ದೊಡ್ಡ ಮರೆ ನಮ್ಮ ಮನೇಲಿ ಇಲ್ಲ ಕಣೇ. ತೆಗೆಯಲಿಲ್ಲ. ಕೊನೆಗೂ ತೆಗೆದರು, ಅವರು ಹೋದ ದಿನ, ಕ್ಯಾಮೆರಾದಲ್ಲಿ ನರಿ ಇಲ್ಲ, ಕಿವಿ ಇಲ್ಲ, ಮೂಗಿಲ್ಲ, ಇರುವುದು ಒಂದೇ ಚಿತ್ರ, ಅವರನ್ನು ಬಿಟ್ಟು ಹೊರಟ ನನ್ನ ಬೆನ್ನು, ಕಂದು ಶಾಲು, ಎಡಗೈಯಲ್ಲಿ ಚೀಲ, ಎತ್ತಿದ ಹಿಮ್ಮಡಿ, ಗೋಡೆಯ ತಿರುವು, ಸುತ್ತಲೂ ಕಪ್ಪಗೆ ದಾರದ ಎಳೆಗಳು. ಮಗಳು ಅತ್ತುಬಿಟ್ಟಳು, ನೋಡಮ್ಮ, ಎಷ್ಟು ಪ್ರೀತಿ, ಕೊನೇ ಚಿತ್ರ ನಿಂದೇ, ದೊಡ್ಡದು ಮಾಡಿಸಿ ಅಪ್ಪನ ಪಕ್ಕ ಹಾಕೋಣ, ಹೂಂ ಅನ್ನು. ಹೂಂ ಅನ್ನಲು ನನ್ನಿಂದ ಆಗಲಿಲ್ಲ. ನಾಳೆ ಫೋಟೋ ಅಂಗಡಿಗೆ ಕೊಡುತ್ತಾಳಂತೆ, ಇವತ್ತು ಹೇಳಬೇಕು. ಪ್ರೀತಿಯೇ ಇರಬಹುದು ದೇವರೇ, ಇರಲಿ, ಆದರೆ ಎದೆ ಹಿಡಿದುಕೊಂಡ ಮನುಷ್ಯ ಹೋಗುತ್ತಿರುವ ಹೆಂಡತಿಯನ್ನು ಕರೆದು, ಅವಳು ತಿರುಗದೆ ಹೋದಾಗ, ಕೈಗೆ ಸಿಕ್ಕಿದ್ದು ಅದೊಂದೇ ಆಗಿ, ಕ್ಯಾಮೆರಾ ಎತ್ತಿದ್ದರೆ? ಆ ಬೆನ್ನನ್ನು ನಾನು ಗೋಡೆಯ ಮೇಲೆ ದಿನಾ ನೋಡಬೇಕೇ? ಅವರನ್ನು ವಾಪಸು ಕೊಡು ಎಂದು ನಿನ್ನನ್ನು ಕೇಳಲಿಲ್ಲ, ಕೊಟ್ಟದ್ದನ್ನು ನೀನು ತೆಗೆದುಕೊಂಡೆ, ಇದೊಂದನ್ನು ಮಾತ್ರ ತಿಳಿಸು, ಇಲ್ಲಿಂದ ಕೂಗಿದರೆ ಅಲ್ಲಿಗೆ ಕೇಳುತ್ತದೆಯೇ, ಕೇಳುವುದಾದರೆ ಅವರು ಕೂಗಲಿಲ್ಲ, ನನಗೆ ಕಿವಿ ಚೆನ್ನಾಗಿದೆ, ನನಗೇನೂ ಕೇಳಿಸಲಿಲ್ಲ, ಅಷ್ಟಾದರೆ ಸಾಕು, ಹೂಂ ಎನ್ನುತ್ತೇನೆ.

ಹಿಂಬದಿಯ ಬಟ್ಟೆಯಲ್ಲಿ ಇಲ್ಲಿದೆ, ಅವರು ಆ ಚಿತ್ರ ತೆಗೆದ ತೂತು, ಬೆರಳು ಆಡಿಸಿದರೆ ಸಿಗುತ್ತದೆ, ಜೋಡಿ ದಾರದಲ್ಲಿ ನಾನೇ ಹಾಕಿದ ಹೊಲಿಗೆ, ಅಷ್ಟು ಸುಲಭಕ್ಕೆ ಬಿಚ್ಚುವುದಲ್ಲ, ದಾರದ ತುದಿಗಳು ಸವೆದು ನಯವಾಗಿಲ್ಲ, ಒರಟಾಗಿವೆ, ಬಿಚ್ಚಿದ್ದೋ ಕಿತ್ತದ್ದೋ, ಉಗುರಿನಿಂದ ಕಿತ್ತದ್ದೋ — ಬೇಡ, ಕಣ್ಣಿಡು, ಗುಬ್ಬಿ ಅರ್ಧ ದಾರಿಯಲ್ಲಿದ್ದಾಳೆ, ನನ್ನ ಹಾಗೇ ನಡೆಯುತ್ತಾಳೆ, ಒಂದು ಭುಜ ತಗ್ಗು, ನನಗೆ ನನ್ನ ನಡಿಗೆ ಹೀಗಿದೆಯೆಂದು ಆ ಚಿತ್ರ ನೋಡುವ ತನಕ ತಿಳಿದಿರಲಿಲ್ಲ. ಮುಂದಿನ ಸೀಳಿನಲ್ಲಿ ಏನೋ ಅಲುಗಿತು, ಎಡಗಡೆಯ ಕಂಡಿ, ಕತ್ತಲೆಯ ಅಂಚಿನಲ್ಲಿ ಎರಡು ಚಿಕ್ಕ ಕಿವಿ, ಅಯ್ಯೋ, ಬಂದೇಬಿಟ್ಟಿತು, ನೋಡಿ, ಬಂತು ನೋಡಿ, ಯಾರಿಗೆ ಹೇಳುತ್ತಿದ್ದೇನೆ, ಮಗಳು ತಿರುವಿಗೆ ಬರುತ್ತಿದ್ದಾಳೆ, ಚಿತ್ರದಲ್ಲಿ ನಾನು ಇದ್ದ ಜಾಗ ಅದೇ, ಈಗಲೇ ಕೂಗಬೇಕು, ಅವರು ಕೂಗುವ ಹಾಗೆ ಕೂಗಬೇಕು, ಹೆಸರು ಹಿಡಿದು ಕರೆದವರಲ್ಲ, ಎದೆಯ ಮೇಲೆ ಕೈ ಒತ್ತಿಕೊಂಡೆ, ಇವಳೇ — ಸ್ವರ ಹೊರಟಿತು, ಹಿಂಬದಿಗೆ ಹೊಲಿದ ಕಂಬಳಿಗೆ ತಾಗಿ ನಿಂತಿತು, ಕಿವಿಗಳು ಮಾಯ, ನರಿಯ ಮರಿಗೆ ಕೇಳಿಸಿತು, ಅದರ ಕಡೆ ಸೀಳಿದೆ, ಮಗಳ ಕಡೆ ಕಂಬಳಿ, ಕಂಬಳಿಯ ಮೇಲೆ ಹಳೆಯ ಕೌದಿ, ಕೌದಿಯ ಮೇಲೆ ಮತ್ತೆ ಕಂಬಳಿ, ಕ್ಲಿಕ್ ಅನ್ನೋ ಸದ್ದು ಹೊರಗೆ ಹೋಗಬಾರದು ಕಣೇ, ದಪ್ಪಕ್ಕೆ ಹೊಲಿ ಎಂದಿದ್ದರು, ನಾನು ಹೊರಗೆ ನಿಂತು, ಏನೂ ಕೇಳಲಿಲ್ಲ ರೀ ಎಂದು ಎಷ್ಟು ಹಿಗ್ಗಿನಿಂದ ಹೇಳಿದೆ, ಭೇಷ್ ಎಂದರು — ಇವಳೇ, ಇವಳೇ, ಗಂಟಲು ಹರಿಯುತ್ತಿದೆ, ಗುಬ್ಬೀ, ನಿಲ್ಲೇ, ತಿರುಗೇ, ನಾನು ಕೂಗುತ್ತಿದ್ದೇನೆ ತಿರುಗು, ಕೂಗಿದರೆ ತಿರುಗುತ್ತೇನೆ ಎಂದವಳು, ಮಾತಿಗೆ ತಪ್ಪುವ ಮಗಳಲ್ಲ ಅವಳು, ಗುಬ್ಬೀ — ಕೈ ಬೀಸಿಕೊಂಡು, ನೆಟ್ಟಗೆ, ಹೇಳಿಕೊಟ್ಟ ಹಾಗೆ, ಹಿಮ್ಮಡಿ ಎತ್ತಿದ್ದಾಳೆ, ತೂತಿನ ಸುತ್ತ ಕಪ್ಪು ದಾರ, ನಡುವೆ ಗೋಡೆ, ಗೋಡೆಯ ಪಕ್ಕ ಬೆನ್ನು, ಗುಬ್ಬೀ, ಬೆನ್ನು, ಇವಳೇ, ಬೆನ್ನು