ಹೊಳೆ ಸೇರದ ನಾಯಕಿ

ಒಬ್ಬ ಕಾದಂಬರಿಕಾರರಿದ್ದರು, ಅವರೆಂದರೆ ನನಗೆ ಪ್ರಾಣ. ಹರಿಹರದ ವಾಚನಾಲಯದಿಂದ ಅವರ ಪುಸ್ತಕ ತರಿಸಿಕೊಂಡು, ಓದುತ್ತಾ ಓದುತ್ತಾ ಹಾಲು ಉಕ್ಕಿಸಿ ಅವ್ವನಿಂದ ಬೈಸಿಕೊಂಡವಳು ನಾನು. ಮದುವೆಯಾದ ವರ್ಷಕ್ಕೇ ಗಂಡ ತೀರಿಕೊಂಡಾಗ, ಅಣ್ಣ ಕರಿಬಸವರಾಜ ಕೊಂಡು ತಂದುಕೊಟ್ಟ ಅವರ ಒಂದು ಕಾದಂಬರಿಯನ್ನು ಎದೆಗವಚಿಕೊಂಡೇ ಮಲಗುತ್ತಿದ್ದೆ. ಅದರ ನಾಯಕಿಯೂ ವಿಧವೆ. ಮರುಮದುವೆ ಒಲ್ಲೆನೆಂದು, ಗಂಡನ ನೆನಪಿನಲ್ಲೇ ಬದುಕಿ, ಕೊನೆಗೆ ಬೆಳದಿಂಗಳಲ್ಲಿ ಹೊಳೆ ಸೇರುತ್ತಾಳೆ.

ನಮ್ಮ ಜನರಲ್ಲಿ ಅಂಥ ಕಟ್ಟೇನೂ ಇಲ್ಲ. ಗಂಡ ಸತ್ತವಳಿಗೆ ಉಡಿಕೆ ಮಾಡುತ್ತಾರೆ. ಹೊಸ ಸೀರೆ ಉಡಿಸಿ, ತಾಳಿ ಕಟ್ಟಿಸಿ ಇನ್ನೊಂದು ಮನೆಗೆ ಕಳಿಸುತ್ತಾರೆ. ಭಾನುವಳ್ಳಿಯ ಪರಮೇಶ್ವರಪ್ಪ ನನ್ನನ್ನು ಕೇಳಿಕೊಂಡು ಬಂದಿದ್ದರು. ಒಳ್ಳೆಯ ಮನುಷ್ಯ, ನನಗೂ ಮನಸ್ಸಾಗಿತ್ತು. ಆದರೂ ಒಲ್ಲೆ ಅಂದೆ. ಪುಸ್ತಕ ಓದಿದವಳಲ್ಲವೇ, ಉಡಿಕೆ ಕೀಳು ಅನ್ನಿಸಿತು ಹುಚ್ಚಿಗೆ!

ಆಮೇಲೆ ದಾವಣಗೆರೆಯಲ್ಲಿ ಅಣ್ಣನ ಮನೆ ಸೇರಿದೆ. ಅವನ ಮಕ್ಕಳನ್ನು ಎತ್ತಿ ಆಡಿಸಿದೆ, ರೊಟ್ಟಿ ಬಡಿದೆ, ಯಾರು ಕೇಳಿದರೂ ನಕ್ಕೆ. ಅರವತ್ತೈದನೇ ಇಸವಿಯಲ್ಲಿ ಅಣ್ಣನ ಮಗಳು ದ್ರಾಕ್ಷಾಯಣಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಸಾರಥಿ ಎಂಬ ಊರಿನ ಒಂದು ಮನೆಯವರು ಅವಳನ್ನು ಉಡಿಕೆಗೆ ಕೇಳಿದರು. ಮರುದಿನ ಬಂದು ಉತ್ತರ ತಿಳಿಯುತ್ತೇವೆ ಎಂದರು. ಅವಳ ಸಮಾಧಾನಕ್ಕೆಂದು ಅದೇ ಕಾದಂಬರಿಯನ್ನು ಪೆಟ್ಟಿಗೆಯಿಂದ ತೆಗೆದೆ. ಕೊಡುವ ಮೊದಲು ನಾನೇ ಒಮ್ಮೆ ಓದೋಣವೆಂದು ಕೂತೆ.

ಅಯ್ಯೋ ಶಿವನೇ, ಓದಲಾಗಲಿಲ್ಲ. ಪುಟಪುಟಕ್ಕೂ ಕಣ್ಣೀರು, ನಿಟ್ಟುಸಿರು, ಪಾರಿಜಾತ. ಆ ಮಹಾನುಭಾವರು ಅವಳಿಗೆ ಒಂದು ದಿನವಾದರೂ ಸೊಂಟ ನೋಯಿಸಲಿಲ್ಲ, ಅತ್ತಿಗೆಯಿಂದ ಒಂದು ಮಾತು ಅನ್ನಿಸಲಿಲ್ಲ. ಸಣ್ಣ ಪ್ರಾಯದಲ್ಲೇ ಚೆಂದವಾಗಿ ಸಾಯಿಸಿ ಕೈತೊಳೆದುಕೊಂಡರು. ಸಾಯದೆ ಉಳಿದವಳ ಗತಿಯೇನೆಂದು ಅವರು ಯೋಚಿಸಿಯೇ ಇರಲಿಲ್ಲ. ಇವರನ್ನು ನಂಬಿ ಒಳ್ಳೆಯ ಬಾಳನ್ನು ಕೈಯಾರೆ ಬಿಟ್ಟೆನಲ್ಲ ಎಂದು ಕರುಳು ಕಿತ್ತುಬರುವಂತೆ ಅತ್ತೆ.

ದ್ರಾಕ್ಷಾಯಣಿ ಬಂದು ಪಕ್ಕದಲ್ಲಿ ಕೂತಳು. ಸಾರಥಿಯವರಿಗೆ ಒಲ್ಲೆ ಅನ್ನಲು ಆಗಲೇ ನಿಶ್ಚಯಿಸಿದ್ದಳಂತೆ.

“ನನಗೆ ಯಾವ ಪುಸ್ತಕನೂ ಬ್ಯಾಡ ಅತ್ತೆ. ನಿನ್ನ ನೋಡೇ ಬೆಳೆದೀನಿ. ನಿನ್ನಂಗೇ ನಕ್ಕಂತ ಇದ್ದುಬಿಡ್ತೀನಿ.”

ಪುಸ್ತಕ ಬದಿಗಿಟ್ಟು ಅವಳ ಕೈ ಹಿಡಿದುಕೊಂಡೆ.

“ಆ ನಗು ಸುಳ್ಳು ಕಣವ್ವ,” ಅಂದೆ. “ಭಾನುವಳ್ಳಿಯಾರ ಮನೆಗೆ ಹೋಗಬೇಕಿತ್ತು ನಾನು. ದಿನಾ ಅನ್ನಸ್ತೈತೆ.”

ಅವಳು ನನ್ನನ್ನೇ ದಿಟ್ಟಿಸಿದಳು. ಕಣ್ಣು ತುಂಬಿ ಬಂದವು.

“ನನ್ನ ಒಪ್ಪಸಾಕೆ ನಿನ್ನ ಹೆಸರು ನೀನೇ ಕೆಡಿಸ್ಕೊಂತಿಯಲ್ಲ ಅತ್ತೆ. ಎಷ್ಟು ದೊಡ್ಡಾಕಿ ನೀನು.”

ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಬೆಳಗ್ಗೆ ಸಾರಥಿಯವರಿಗೆ ಒಲ್ಲೆ ಅಂದಳು.