ನಾಲ್ಕರಲ್ಲಿ ಎರಡು

ಮಗಳಿಗೆ ಲೆಕ್ಕ ಹೇಳಿಕೊಡುವ ನೆಪದಲ್ಲಿ ತನ್ನ ಬೇಳೆ ಬೇಯಿಸಿಕೊಳ್ಳಬೇಕೆಂದು ಬೈಂಡರ್ ಬೆಳಗ್ಗೆಯೇ ತೀರ್ಮಾನಿಸಿದ್ದ. ಪುಸ್ತಕ ಹೊಲಿದು ರಟ್ಟು ಹಾಕುವವನಿಗೆ ಕಾಗದ ಮಡಿಸಿ ಮಾತಾಡುವುದೇನು ಕಷ್ಟವೇ?

ವಿಷಯ ಇಷ್ಟೇ. ಗಂಡ ಹೆಂಡತಿ ಬೇರೆಯಾಗುವಾಗ, ದೊಡ್ಡ ರಜೆಯಲ್ಲಿ ಅರ್ಧ ಅಪ್ಪನಿಗೆ, ಅರ್ಧ ಅಮ್ಮನಿಗೆ ಎಂದು ಮಾತಾಗಿತ್ತು. ಆದರೆ ರಜೆ ಶುರುವಾಗುವ ಹೊತ್ತಿಗೇ ನೋಟ್‌ಬುಕ್ಕುಗಳ ಸುಗ್ಗಿ. ಅಂಗಡಿಗಳಿಗೆ ಮಾಲು ಹೋಗುವವರೆಗೆ ಮಾಲೀಕರು ಅರ್ಧ ರಜೆಯಷ್ಟುದ್ದ ಬಿಡುವು ಕೊಡುವವರಲ್ಲ; ಹೆಚ್ಚೆಂದರೆ ಅದರರ್ಧ. "ಹಾಗಾದ್ರೆ ಕೊನೆಯ ಅರ್ಧ ನಿನ್ನ ಹತ್ರ ಇಟ್ಕೋ," ಎಂದಿದ್ದಳು ಮಗಳ ತಾಯಿ. ಅಲ್ಲಿಯವರೆಗೆ ಕಾಯುವುದು ಇವನಿಂದಾಗದು. ಮಗಳಿಲ್ಲದ ಮನೆಯ ಬೀಗ ತೆಗೆಯಲೇ ಮನಸ್ಸಾಗುತ್ತಿರಲಿಲ್ಲ. ಮೊದಲಲ್ಲೊಂದು ಕಾಲು ಭಾಗ, ಕೊನೆಯಲ್ಲೊಂದು ಕಾಲು ಭಾಗ ಕೊಡು ಎಂದು ಗೋಗರೆದಿದ್ದ. "ಅವಳನ್ನೇ ಕೇಳು. ಅವಳು ಹೂಂ ಅಂದ್ರೆ ನಂದೇನೂ ಇಲ್ಲ," ಎಂದು ಅವಳು ಕೈ ತೊಳೆದುಕೊಂಡಿದ್ದಳು.

ಇವತ್ತು ಭಾನುವಾರ, ಮಗಳು ಬಂದಿದ್ದಳು. ಬಾಯಿಗೆ ಬಿಡುವೇ ಇಲ್ಲದ್ದರಿಂದ ಅವಳು ಅಪ್ಪನಿಗೆ ಪಟಾಕಿ.

"ಪಟಾಕಿ, ಅರ್ಧ ದೊಡ್ಡದೋ, ನಾಲ್ಕರಲ್ಲಿ ಎರಡು ದೊಡ್ಡದೋ?"

"ನಾಲ್ಕರಲ್ಲಿ ಎರಡು! ಅಂಕಿಗಳೇ ದೊಡ್ಡವಲ್ವಾ?"

ಬೈಂಡರ್ ಉದ್ದನೆಯ ಕಾಗದದ ಪಟ್ಟಿಯೊಂದನ್ನು ನಡುವೆ ಮಡಿಸಿ, ಉಗುರಿನಿಂದ ತೀಡಿ, ಒಂದು ಅರ್ಧಕ್ಕೆ ಹಳದಿ ಬಳಿಯಲು ಹೇಳಿದ. ಆಮೇಲೆ ಇನ್ನೊಮ್ಮೆ ಮಡಿಸಿ ಬಿಡಿಸಿದ.

"ಈಗ ನಾಲ್ಕು ಮನೆ, ಎರಡು ಹಳದಿ. ಹಳದಿ ಹೆಚ್ಚಾಯ್ತಾ?"

"ಇಲ್ಲ... ಕಮ್ಮಿನೂ ಆಗಿಲ್ಲ. ಅಷ್ಟೇ ಇದೆ!" ತಾನೇ ಮತ್ತೆ ಮಡಿಸಿದಳು. "ಎಂಟರಲ್ಲಿ ನಾಲ್ಕು! ಅದೂ ಅಷ್ಟೇ!"

ಇದೇ ಸಮಯವೆಂದು ಅವನು ಪಟ್ಟಿಯನ್ನು ನಾಲ್ಕಾಗಿ ಕತ್ತರಿಸಿ, ಹಳದಿ ತುಂಡುಗಳಲ್ಲಿ ಒಂದನ್ನು ಮೊದಲಿಗೆ, ಒಂದನ್ನು ಕೊನೆಗೆ, ಬಿಳಿಯವನ್ನು ನಡುವೆ ಜೋಡಿಸಿದ.

"ಇದು ನಿನ್ನ ರಜೆ. ಹಳದಿ ನಂದು, ಬಿಳಿ ಅಮ್ಮಂದು. ಹೀಗಿಟ್ರೂ ನಂಗೆ ಅರ್ಧನೇ ತಾನೇ?"

ಪಟಾಕಿ ಠುಸ್ ಎಂದಿತು. ಅವಳು ತುಂಬ ಹೊತ್ತು ನೋಡಿ, ಮೊದಲಿನ ಹಳದಿಯನ್ನು ಕೊನೆಯದರ ಪಕ್ಕಕ್ಕೆ ಸರಿಸಿದಳು.

"ಲೆಕ್ಕ ಸರಿ ಅಪ್ಪ. ಆದ್ರೆ ನೀನಿಟ್ಟ ಹಾಗೆ ಆದ್ರೆ ನಾನು ಇಲ್ಲಿಂದ ಎರಡು ಸಲ ಹೋಗ್ಬೇಕು. ಹೀಗಿಟ್ರೆ ಒಂದೇ ಸಲ."

ಅವನಿಗೆ ಇದು ಹೊಳೆದೇ ಇರಲಿಲ್ಲ. ಮಗಳು ಬರುವುದನ್ನು ಮಾತ್ರ ಅವನು ಎಣಿಸಿದ್ದ.

"ಹೋಗೋದು ಅಂದ್ರೆ ನಿಂಗಷ್ಟು ಬೇಜಾರಾ, ಮಗಳೇ?"

"ನಂಗಲ್ಲ," ಎಂದಳು. "ನಾನು ಮೆಟ್ಟಿಲು ಇಳಿಯೋಕೆ ಮುಂಚೆನೇ ನೀನು ಬಾಗಿಲು ಹಾಕಿ, ನಲ್ಲಿ ಬಿಟ್ಕೊಂಡು ಅಳ್ತೀಯಲ್ಲ. ಕೇಳಿಸುತ್ತೆ ಅಪ್ಪ."

ಬೈಂಡರ್ ಫೋನ್ ತೆಗೆದು ಮಗಳ ತಾಯಿಗೆ ಹೇಳಿದ: "ಕೊನೆಯ ಅರ್ಧನೇ ಇರಲಿ. ಒಟ್ಟಿಗೆ ಕಳಿಸು." ಅಲ್ಲಿಯವರೆಗೆ ಹೇಗೆ ದಿನ ನೂಕುವುದೋ ಅವನಿಗೆ ಈಗಲೂ ತಿಳಿದಿರಲಿಲ್ಲ.

ಸಂಜೆ ಅಮ್ಮ ಬಂದು ಕರೆದುಕೊಂಡು ಹೊರಟಾಗ ಅವನು ಬಾಗಿಲು ಹಾಕಲಿಲ್ಲ. ಮೆಟ್ಟಿಲ ಮೇಲೆ ನಿಂತು, ಮಗಳ ಎದುರಿಗೇ ಅತ್ತ. ಅದನ್ನು ನೋಡಿ ಮಗಳಿಗೂ ತಡೆಯಲಾಗಲಿಲ್ಲ. ಅಮ್ಮನ ಕೈ ಬಿಡಿಸಿಕೊಂಡು ಓಡಿ ಬಂದು, ಅಪ್ಪನನ್ನು ತಬ್ಬಿಕೊಂಡು, ಅವನಿಗಿಂತ ಜೋರಾಗಿ ಅತ್ತಳು.