ಎಣ್ಣೆಯ ಕಂಪಿಗೆ ಬರುವವಳು

ನರಿನ್ ಕಣಿವೆಯ ಆ ಹಳ್ಳಿಯಲ್ಲಿ ಗುರುವಾರ ಸಂಜೆಯಾದರೆ ಮನೆಮನೆಯಲ್ಲೂ ಬೊರ್ಸೊಕ್ ಕರಿಯುತ್ತಾರೆ. ತೀರಿಹೋದವರು ಹಿಟ್ಟಿನ ಆ ತುಂಡುಗಳನ್ನು ಮುಟ್ಟುವುದಿಲ್ಲ, ಅವರಿಗೆ ಕಾದ ಎಣ್ಣೆಯ ಕಂಪೇ ಊಟ. ಕರಿಯದೆ ಇದ್ದದ್ದು ಉಮ್ಸುನೈಯ ಮನೆಯೊಂದೇ. ಮುಸ್ಲಿಮರ ಆ ಊರಿನಲ್ಲಿ ಅವಳೂ ಅವಳ ಮಗಳು ಜಿಬೆಕ್ ಕೂಡ ಯೇಸುವನ್ನು ನಂಬಿದವರು.

ಮೂರು ವರ್ಷದ ಹಿಂದೆ ಜಿಬೆಕ್ ಸತ್ತಾಗ ಊರಿನ ಸಮಾಧಿಗಳ ದಾರಿಗೆ ಅಡ್ಡಲಾಗಿ ಕೈಚಾಚಿ ನಿಂತವಳು ಪಕ್ಕದ ಮನೆಯ ಸತ್ಕಿನ್. ಧರ್ಮ ಬಿಟ್ಟವಳನ್ನು ನಮ್ಮ ಹಿರಿಯರ ಪಕ್ಕ ಮಲಗಿಸಬೇಡಿ ಎಂದಿದ್ದಳು. ಎರಡು ದಿನ ಮನೆಯಲ್ಲೇ ಉಳಿದ ಹೆಣವನ್ನು ಕೊನೆಗೆ ಹೊಳೆಯಾಚೆಯ ಕಲ್ಲುಗುಡ್ಡದಲ್ಲಿ ಹೂಳಿದರು. ಅಂದಿನಿಂದ ಎರಡು ಮನೆಗಳಿಗೂ ಮಾತಿರಲಿಲ್ಲ.

ಈ ಗುರುವಾರ ಆ ಸತ್ಕಿನ್ ಹಿಮ ತುಳಿದುಕೊಂಡು ಬಂದು ಉಮ್ಸುನೈಯ ಅಂಗಳದಲ್ಲಿ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ನಿನ್ ಮಗಳು ಬರ್ತಾಳೆ ಕಣೇ. ನಾನು ಎಣ್ಣೆ ಇಟ್ಟ ಕೂಡ್ಲೇ ಹೊಸ್ತಿಲಲ್ಲಿ ನಿಂತ್ಕೋತಾಳೆ. ನೀನು ಕರಿಯಲ್ವಲ್ಲ, ಹಸಿದು ನನ್ನ ಹತ್ರ ಬರ್ತಾಳೆ. ಒಂದೇ ಒಂದ್ ಸಲ ಅವಳ ಹೆಸರಲ್ಲಿ ಕರಿ."

"ಅವತ್ತು ಹೊರಗಿಟ್ರಲ್ಲ ಅಕ್ಕ, ಈಗ ಒಳಗೆ ಕರ್ಕೊಳಿ."

ಆಡಿದ ಮೇಲೆ ಆ ಮಾತು ಉಮ್ಸುನೈಯ ನಾಲಿಗೆಗೆ ಸಿಹಿಯೆನಿಸಿತು. ಹೆದರಲಿ, ಸಾಯುವ ತನಕ ಹೆದರಲಿ. ಮರುಗಳಿಗೆಯೇ ಆ ಸಿಹಿ ಅವಳಿಗೆ ಅಸಹ್ಯವಾಯಿತು. ದೇವರು ತನ್ನನ್ನು ದ್ವೇಷಿಸಿದವರಿಗಾಗಿಯೇ ತನ್ನ ಮಗ ಯೇಸುವನ್ನು ಸಾವಿಗೆ ಒಪ್ಪಿಸಿದ ಎಂದು ಭಾನುವಾರದ ಪ್ರಾರ್ಥನೆಯಲ್ಲಿ ಕೇಳಿ ಎಷ್ಟು ಸಲ ತಲೆಯಾಡಿಸಿದ್ದಳೋ. ಆ ಮಾತು ಪಕ್ಕದ ಮನೆಯ ತನಕ ಬಂದೀತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಶಾಲು ಹೊದ್ದು ಸತ್ಕಿನ್‌ಳ ಹಿಂದೆ ನಡೆದಳು.

ಆ ಮನೆಯಲ್ಲಿ ಉಮ್ಸುನೈ ಬಾಗಿಲಿಗೆ ಬೆನ್ನು ಮಾಡಿ ಒಲೆಯ ಪಕ್ಕ ಕುಳಿತಳು. ಸತ್ಕಿನ್ ಇಟ್ಟ ಎಣ್ಣೆ ಕಾಯಿತು. ಮೊದಲ ತುಂಡುಗಳು ಉಬ್ಬಿ ಮೇಲೆ ಬಂದವು. ಹೊರಗೆ ಎಲ್ಲೂ ನಾಯಿ ಬೊಗಳುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಅವಳ ಕತ್ತಿನ ಹಿಂಭಾಗ ತಣ್ಣಗಾಯಿತು, ಒದ್ದೆ ಕೈಯಿಟ್ಟ ಹಾಗೆ. ಸತ್ಕಿನ್‌ಳ ಕಣ್ಣು ಉಮ್ಸುನೈಯ ಹೆಗಲಾಚೆ ನೆಟ್ಟಿತ್ತು.

"ಬಂದ್ಲು," ಎಂದಳು ಸತ್ಕಿನ್, ಉಸಿರಿನಲ್ಲೇ.

ತಿರುಗಿದರೆ ಸಾಕಿತ್ತು. ಮೂರು ವರ್ಷದಿಂದ ಕಾಣದ ಮುಖ. ತಿರುಗಬೇಕೆಂದು ಉಮ್ಸುನೈಯ ಮೈಯೆಲ್ಲ ಸೆಳೆಯಿತು. ಆದರೆ ಅಲ್ಲಿ ನಿಂತಿರುವುದು ತನ್ನ ಮಗಳೇ ಆಗಿದ್ದರೆ, ಹಸಿವಿನಿಂದಲೇ ಬಂದಿದ್ದರೆ, ಅವಳನ್ನು ಯಾರ ಕೈಗೆ ಒಪ್ಪಿಸಿದ್ದೇನೆಂದು ಇಷ್ಟು ದಿನ ನಂಬಿದ್ದಳೋ ಆ ದೇವರೇ ಸುಳ್ಳಾಗುತ್ತಿದ್ದ. ಅವಳು ಮುಂದೆ ಬಾಗಿ ಸತ್ಕಿನ್‌ಳ ಕೈಗಳನ್ನು ಹಿಡಿದುಕೊಂಡಳು.

"ದೇವರು ಜಿಬೆಕ್‌ಳನ್ನ ಆಗ್ಲೇ ಒಳಗೆ ಕರ್ಕೊಂಡಿದಾನೆ ಅಕ್ಕ. ಅವಳಿಗೆ ಹಸಿವಿಲ್ಲ. ಹೊರಗೆ ನಿಂತಿರೋದು ನೀವು. ನಾನು ನಿಮಗೋಸ್ಕರ ಬಂದೆ."

ಬಾಣಲೆಯಲ್ಲಿದ್ದದ್ದು ಸೀದು ಕಪ್ಪಾಯಿತು. ಅವತ್ತು ದಾರಿಗೆ ಅಡ್ಡ ನಿಂತಾಗ ಚಾಚಿದ ಕೈ ಈಗಲೂ ನೋಯುತ್ತದೆ ಎಂದು ಆಮೇಲೆ ಸತ್ಕಿನ್ ತನ್ನಷ್ಟಕ್ಕೆ ಎಂಬಂತೆ ಹೇಳಿದಳು. ಉಮ್ಸುನೈ ಆ ತೋಳನ್ನು ಮೊಣಕೈಯಿಂದ ಕೆಳಗೆ ಮೆಲ್ಲಗೆ ನೀವತೊಡಗಿದಳು.

"ಇವತ್ತು ಇಲ್ಲೇ ಮಲಗ್ತೀಯಾ?" ಎಂದಳು ಸತ್ಕಿನ್.

ಉಮ್ಸುನೈಯ ಕತ್ತಿನ ಮೇಲಿನ ತಂಪು ಇನ್ನೂ ಹೋಗಿರಲಿಲ್ಲ.

"ಮಲಗ್ತೀನಿ," ಎಂದು ಉಮ್ಸುನೈ ಹಿಂದೆ ನೋಡದೆಯೇ ಬೂಟು ಬಿಚ್ಚಿದಳು.